ಮೊಮ್ಮಕ್ಕಳ ಕೈಗೆ ಕೋವಿ ಕೊಡುವ ಮೊದಲು

ಪ್ರಶ್ನೆ: ನಾನು ಸೇನೆಯಿಂದ ನಿವೃತ್ತನಾದ ಸುಬೇದಾರ್. ವಯಸ್ಸು 68. ವಿರಾಜಪೇಟೆ ಹತ್ತಿರ ಸಣ್ಣ ಕಾಫಿ ತೋಟ ನೋಡಿಕೊಂಡಿದ್ದೇನೆ. ನಮ್ಮ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್‌ಗೆ ಬೆಂಗಳೂರಿನಿಂದ ಬಂದ ಮೊಮ್ಮಕ್ಕಳು ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನೋಡಿದಾಗಿನಿಂದ ‘ಅಜ್ಜ, ನಮಗೂ ಕಲಿಸಿ’ ಎಂದು ಬೆನ್ನು ಬಿದ್ದಿದ್ದಾರೆ. ಮೊಮ್ಮಗಳಿಗೆ 11, ಮೊಮ್ಮಗನಿಗೆ 8. ಮನೆಯಲ್ಲಿ ನಮ್ಮ ಅಪ್ಪನ ಕಾಲದ ಹನ್ನೆರಡು ಬೋರಿನ ಕೋವಿ ಇದೆ, ಒಂದು ಏರ್‌ಗನ್ನೂ ಇದೆ. ದಸರಾ ರಜೆಯಲ್ಲಿ ಶುರು ಮಾಡೋಣ ಅಂತಿದ್ದೇನೆ. ಸೊಸೆಗೆ ಮಾತ್ರ ಸುತರಾಂ ಇಷ್ಟವಿಲ್ಲ. ಹೇಗೆ ಕಲಿಸಲಿ?
– ಹೆಸರು ಬೇಡ, ಕೊಡಗು

ಉತ್ತರ: ಸುಬೇದಾರರೇ, ಖಂಡಿತ ಕಲಿಸಿ. ಆದರೆ ಹನ್ನೆರಡು ಬೋರಿನ ಕೋವಿ ಬೀಗದೊಳಗೇ ಇರಲಿ. ಸೊಸೆ ಮನಸ್ಸಿನಿಂದ ಒಪ್ಪುವವರೆಗೆ ಏರ್‌ಗನ್ನಿನಿಂದಲೂ ಒಂದು ಗುಂಡು ಹಾರುವುದು ಬೇಡ.

ಕೋವಿಯ ಮಾತು ಮೊದಲು ಮುಗಿಸುತ್ತೇನೆ. ಅದು ಭುಜಕ್ಕೆ ಕೊಡುವ ಒದೆ ನಿಮಗೆ ಗೊತ್ತು. ಹನ್ನೊಂದರ ಹುಡುಗಿ ಆ ಒದೆಯನ್ನೂ ಸದ್ದನ್ನೂ ಒಮ್ಮೆ ಉಂಡರೆ, ಮುಂದೆ ಪ್ರತಿ ಸಲ ಟ್ರಿಗರ್ ಒತ್ತುವ ಮೊದಲೇ ಕಣ್ಣು ಮುಚ್ಚುತ್ತಾಳೆ. ಆ ಬೆಚ್ಚುವ ಅಭ್ಯಾಸ ಬಿಡಿಸಲು ನಮಗೆ ತರಬೇತುದಾರರಿಗೆ ವರ್ಷ ಹಿಡಿಯುತ್ತದೆ. ಕಾನೂನೂ ಒಂದು ಮಾತು ಹೇಳುತ್ತದೆ. ಕೊಡವರಿಗೆ ಮತ್ತು ಜಮ್ಮಾ (ವಂಶಪಾರಂಪರ್ಯದ ಭೂಮಿ) ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ ಬಂದ, ಈಗ 2029ರವರೆಗೆ ವಿಸ್ತರಣೆಯಾಗಿರುವ ವಿನಾಯ್ತಿ ಲೈಸೆನ್ಸಿಗೆ ಸಂಬಂಧಿಸಿದ್ದು, ವಯಸ್ಸಿಗಲ್ಲ. 1959ರ ಆಯುಧ ಕಾಯ್ದೆಯ ಪ್ರಕಾರ 21 ತುಂಬದವರು ಬಂದೂಕು ಇಟ್ಟುಕೊಳ್ಳುವಂತಿಲ್ಲ. ತರಬೇತಿಗೆಂದು ಹಿರಿಯರ ಕಣ್ಣೆದುರು ಬಳಸುವುದಕ್ಕೂ 12 ತುಂಬಿರಬೇಕು.

ಏರ್‌ಗನ್ 4.5 ಮಿಲಿಮೀಟರ್ ಬೋರಿನದಾಗಿದ್ದು (ಬೋರ್ ಎಂದರೆ ನಳಿಗೆಯ ಒಳವ್ಯಾಸ), ಅದರ ಶಕ್ತಿ 20 ಜೂಲ್ ಮೀರದಿದ್ದರೆ ಲೈಸೆನ್ಸ್ ಬೇಡ. ಹಾಗೆಂದು ಅದು ಆಟಿಕೆಯಲ್ಲ. ಒಂದು ಕಣ್ಣು ಹೋಗಲು ಅದರ ಪುಟ್ಟ ಗುಂಡು, ಒಂದು ಪೆಲೆಟ್ ಸಾಕು.

ಇನ್ನು ಮಕ್ಕಳು. ನಾನು ವಯಸ್ಸಿಗಿಂತ ಹೆಚ್ಚಾಗಿ ನೋಡುವುದು ಒಂದನ್ನೇ: ಆಟದ ಮಧ್ಯೆ ‘ನಿಲ್ಲು’ ಎಂದರೆ ಮಗು ಮೊದಲನೇ ಸಲಕ್ಕೇ ನಿಲ್ಲುತ್ತದೆಯೇ? ಮೂರು ಸಲ ಕೂಗಬೇಕಾದ ಮಗುವಿಗೆ ಇನ್ನೂ ಸಮಯ ಬೇಕು. ಹನ್ನೊಂದರವಳು ಈ ಪರೀಕ್ಷೆಯಲ್ಲಿ ಗೆದ್ದರೆ ಶುರು ಮಾಡಿ. ಎಂಟರ ಹುಡುಗನಿಗೆ ಈ ವರ್ಷ ಹೊಡೆಯುವುದು ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಅವನನ್ನು ಬರಿಗೈಲಿ ಕೂರಿಸಬೇಡಿ. ಅಕ್ಕನ ಅಂಕ ಬರೆಯುವ ಪುಸ್ತಕ ಅವನ ಕೈಗೆ ಕೊಡಿ. ದಾರಿಯಲ್ಲಿ ಯಾರಾದರೂ ಬಂದರೆ, ನಾಯಿ ಅಡ್ಡ ಹಾದರೆ ‘ನಿಲ್ಲಿಸಿ’ ಎಂದು ಕೂಗುವ ಅಧಿಕಾರ ಅವನದು. ಅವನು ಕೂಗಿದರೆ ಅಜ್ಜನೂ ನಿಲ್ಲಿಸಬೇಕು. ಅವನು ಸುಮ್ಮನೆ ಕೂಗಿದ್ದರೂ ನಿಲ್ಲಿಸಬೇಕು, ಬೈಯಬಾರದು.

ಮೊದಲನೇ ದಿನ ಒಂದು ಗುಂಡೂ ಹಾರುವುದು ಬೇಡ. ಹಬ್ಬದ ದಿನ ಕೋವಿಯ ನಳಿಗೆಗೆ ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ಪೂಜೆಗೆ ಇಡುವುದನ್ನು ಮಕ್ಕಳು ನೋಡಿದ್ದಾರಲ್ಲ, ಅಲ್ಲಿಂದಲೇ ಮಾತು ತೆಗೆಯಿರಿ. ಆ ದಿನ ಅದನ್ನು ಯಾರೂ ಸುಮ್ಮಸುಮ್ಮನೆ ಮುಟ್ಟಲಿಲ್ಲ, ಯಾರ ಕಡೆಗೂ ತಿರುಗಿಸಲಿಲ್ಲ. ಆ ಮರ್ಯಾದೆ ವರ್ಷದ ಎಲ್ಲ ದಿನಕ್ಕೂ ಸಲ್ಲಬೇಕೆಂದು ಹೇಳಿ. ಆಮೇಲೆ ಖಾಲಿ ಏರ್‌ಗನ್ ಕೊಟ್ಟು ಹಿಡಿಯುವುದನ್ನಷ್ಟೇ ಕಲಿಸಿ. ಖಾಲಿ ಎಂದು ನೀವು ಹೇಳಿದರೆ ಸಾಲದು, ಅವಳೇ ತೆರೆದು ನೋಡಬೇಕು. ನಿಮ್ಮ ಕೈಯಿಂದ ಅವಳ ಕೈಗೆ, ಅವಳ ಕೈಯಿಂದ ನಿಮ್ಮ ಕೈಗೆ ಹತ್ತು ಸಲ ಹೋಗಿ ಬರಲಿ, ಹತ್ತು ಸಲವೂ ತೆರೆದು ನೋಡಲಿ. ಬೆರಳು ಟ್ರಿಗರ್ ಒಳಗೆ ಹೋಗಬಾರದು, ಮರದ ಹಿಡಿಯ ಮೇಲೆ ನೇರವಾಗಿ ಮಲಗಿರಬೇಕು. ಗುರಿ ಕಣ್ಣಿಗೆ ಸರಿಯಾಗಿ ಕೂತಮೇಲೆಯೇ ಒಳಕ್ಕೆ.

ಇಲ್ಲಿ ನನ್ನ ಅನುಭವದ ಒಂದು ಮಾತು. ಬಹಳ ವರ್ಷಗಳ ಹಿಂದೆ ಒಬ್ಬ ಹುಡುಗ, ಹತ್ತು ವರ್ಷದವನಿರಬೇಕು, ಮೊದಲ ಬಾರಿಗೆ ನಡುವಿನ ಕಪ್ಪಿಗೆ ಹೊಡೆದ. ಹಿಂದೆ ಬೆಂಚಿನ ಮೇಲೆ ಕೂತಿದ್ದ ಅವನ ತಾತ ಸಂತೋಷ ತಡೆಯಲಾರದೆ ಹೆಸರು ಹಿಡಿದು ಕೂಗಿಬಿಟ್ಟರು. ಹುಡುಗ ನಗುತ್ತಾ ತಿರುಗಿದ. ಅವನ ಜೊತೆಗೆ ನಳಿಗೆಯೂ ತಿರುಗಿತು, ನನ್ನ ಹೊಟ್ಟೆಯನ್ನು ದಾಟಿ ಬೆಂಚಿನ ಕಡೆಗೆ. ಒಳಗೆ ಪೆಲೆಟ್ ಇರಲಿಲ್ಲ, ಏನೂ ಆಗಲಿಲ್ಲ. ಅವತ್ತು ಅರ್ಥವಾಯಿತು: ಮಕ್ಕಳು ಕತ್ತು ತಿರುಗಿಸಿ ನೋಡುವುದಿಲ್ಲ, ಇಡೀ ಮೈಯಿಂದ ತಿರುಗುತ್ತಾರೆ. ಅಂದಿನಿಂದ ಮಗುವಿನ ಕೈಯಲ್ಲಿ ಗನ್ ಇರುವಾಗ ಹೆಸರು ಹಿಡಿದು ಕರೆಯಲು ನಾನು ಯಾರಿಗೂ ಬಿಡುವುದಿಲ್ಲ. ಮೆಚ್ಚುಗೆ, ಫೋಟೋ, ಚಪ್ಪಾಳೆ ಎಲ್ಲ ಗನ್ ಮೇಜಿನ ಮೇಲೆ ಮಲಗಿದ ಮೇಲೆ. ನೀವು ಅವಳ ಪಕ್ಕದಲ್ಲೇ, ಅರ್ಧ ಹೆಜ್ಜೆ ಹಿಂದೆ, ಕೈ ಚಾಚಿದರೆ ನಳಿಗೆ ಸಿಗುವಷ್ಟು ಹತ್ತಿರ ನಿಂತಿರಿ. ಕುರ್ಚಿ ಹಾಕಿಕೊಂಡು ದೂರದಿಂದ ಹೇಳಿಕೊಡುವ ಪಾಠ ಇದಲ್ಲ.

ಜಾಗದ ಬಗ್ಗೆ: ಪೆಲೆಟ್ ಗುರಿ ತಪ್ಪಿದರೆ ನೂರಿನ್ನೂರು ಮೀಟರ್ ಹೋಗಬಲ್ಲದು. ಕಾಫಿ ಗಿಡದ ಮರೆಯಲ್ಲಿ ಯಾರು ಕೆಲಸ ಮಾಡುತ್ತಿದ್ದಾರೆಂದು ಕಾಣುವುದಿಲ್ಲ. ಆದ್ದರಿಂದ ತೋಟದ ಕಡೆಗೆ ಗುರಿ ಇಡಲೇಬೇಡಿ. ಮನೆ ಹಿಂದೆ ಆಳೆತ್ತರದ ಮಣ್ಣಿನ ಬರೆ ಇದ್ದರೆ ಅದೇ ಒಳ್ಳೆಯದು. ಬರೆಯಲ್ಲಿ ಕಲ್ಲು ಕಂಡರೆ ಅದರ ಮುಂದೆ ಮರಳು ತುಂಬಿದ ಗೋಣಿಚೀಲ ಜೋಡಿಸಿ, ಚೀಲಕ್ಕೆ ಕಾಗದದ ಗುರಿ ಅಂಟಿಸಿ. ಬಾಟಲಿ, ಡಬ್ಬ, ಕಲ್ಲಿನ ಮೇಲಿಟ್ಟ ತೆಂಗಿನ ಚಿಪ್ಪು ಬೇಡ. ಗಟ್ಟಿಯಾದದ್ದಕ್ಕೆ ಬಡಿದ ಪೆಲೆಟ್ ಎತ್ತ ಸಿಡಿಯುತ್ತದೆಂದು ಹೇಳಲಾಗದು. ಉಕ್ಕಿನ ಗುಂಡು ಹಾರಿಸುವ ಏರ್‌ಗನ್ ಆಗಿದ್ದರೆ ಆ ಗುಂಡು ಬಂದ ದಾರಿಯಲ್ಲೇ ವಾಪಸ್ ಬರಬಹುದು, ಅಂಥ ಗನ್ ಮಕ್ಕಳಿಗೆ ಕೊಡಲೇಬೇಡಿ. ಹೊಡೆಯುವವರಿಗೂ ನೋಡುವವರಿಗೂ ಕಣ್ಣಿಗೆ ಸುರಕ್ಷತಾ ಕನ್ನಡಕ ಇರಲಿ, ನಿಮಗೂ ಸೇರಿ.

ಏರ್‌ಗನ್ ಕ್ರೀಡಾ ಸ್ಪರ್ಧೆಯ ದೂರ 10 ಮೀಟರ್. ನೀವು 5 ಮೀಟರಿನಿಂದ ಶುರು ಮಾಡಿ. ಏರ್ ರೈಫಲ್ ಸ್ಪರ್ಧೆಯಲ್ಲಿ ಹತ್ತು ಅಂಕದ ಚುಕ್ಕೆ ಬರೀ ಅರ್ಧ ಮಿಲಿಮೀಟರ್, ಸಾಸಿವೆ ಕಾಳಿಗಿಂತ ಚಿಕ್ಕದು. ಅದು ಸದ್ಯಕ್ಕೆ ಬೇಡ. ಕಾಫಿ ಲೋಟ ಬೋರಲು ಹಾಕಿ ಪೆನ್ನಿನಲ್ಲಿ ಸುತ್ತು ಎಳೆದರೆ ಸಾಕು. ಮಗು ಕುಳಿತು, ನಳಿಗೆಯ ಭಾರ ಮರಳಿನ ಚೀಲದ ಮೇಲೆ ಬಿಟ್ಟು ಹೊಡೆಯಲಿ. ನಿಮ್ಮದು ನಳಿಗೆ ಮಡಚಿ ಸ್ಪ್ರಿಂಗ್ ಎಳೆಯುವ ಏರ್‌ಗನ್ ಆಗಿದ್ದರೆ ಎಳೆಯುವುದೂ ಪೆಲೆಟ್ ಹಾಕುವುದೂ ನಿಮ್ಮ ಕೆಲಸ. ಅರ್ಧ ಎಳೆದಾಗ ಕೈ ಜಾರಿದರೆ ನಳಿಗೆ ರಪ್ಪನೆ ವಾಪಸ್ ಬಡಿದು ಬೆರಳು ಜಜ್ಜುತ್ತದೆ. ಪೆಲೆಟ್ ಇಲ್ಲದೆ ಸ್ಪ್ರಿಂಗ್ ಬಿಟ್ಟರೆ ಗನ್ನೂ ಹಾಳು, ಹಾಗಾಗಿ ಖಾಲಿ ಅಭ್ಯಾಸವೆಲ್ಲ ಸ್ಪ್ರಿಂಗ್ ಎಳೆಯದೆಯೇ ನಡೆಯಲಿ. ದಿನಕ್ಕೆ ಹದಿನೈದು ಗುಂಡು ಸಾಕು. ‘ಅಜ್ಜ, ಇನ್ನೊಂದೇ ಒಂದು’ ಎನ್ನುವಾಗಲೇ ನಿಲ್ಲಿಸಿ. ತೋಳು ಸೋತ ಮೇಲೆ ಮೊದಲು ಸಡಿಲವಾಗುವುದು ಎಚ್ಚರ.

ಪೆಲೆಟ್ ಸೀಸದ್ದು. ಮುಗಿದ ಮೇಲೆ ಇಬ್ಬರೂ ಸೋಪು ಹಾಕಿ ಕೈ ತೊಳೆದೇ ಕಡಂಬುಟ್ಟಿನ (ಅಕ್ಕಿ ಕಡುಬು) ತಟ್ಟೆಗೆ ಕೈ ಹಾಕಲಿ. ಹಕ್ಕಿಗೋ ಅಳಿಲಿಗೋ ಗುರಿ ಇಟ್ಟರೆ ಅಂದಿಗೆ ಪಾಠ ಬಂದ್ ಎಂದು ಮೊದಲೇ ಹೇಳಿಬಿಡಿ. ಕಾಡುಪ್ರಾಣಿ, ಕಾಡುಹಕ್ಕಿಗಳ ಬೇಟೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಶಿಕ್ಷೆಯಿದೆ. ಶಿಕ್ಷೆ ಇಲ್ಲದಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ.

ಸೊಸೆಯ ವಿಷಯ ಕೊನೆಗೆ ಬಂದಿದ್ದರೂ ನಿಮಗೆ ಮೊದಲ ಕೆಲಸ ಅದೇ. ಅವರ ಭಯವನ್ನು ಪಟ್ಟಣದವರ ಭಯ ಎಂದು ತಳ್ಳಿಹಾಕಬೇಡಿ. ಕೋವಿ ಎಲ್ಲಿದೆ, ತೋಟಾ (ಕಾಡತೂಸು) ಎಲ್ಲಿದೆ, ಎರಡಕ್ಕೂ ಬೇರೆ ಬೇರೆ ಬೀಗ ಇದೆಯೇ, ಬೀಗದ ಕೈ ಯಾರ ಹತ್ತಿರ, ಎಲ್ಲವನ್ನೂ ಅವರಿಗೆ ತೋರಿಸಿ. ಬೀರು ಮೇಲೆ, ಬಟ್ಟೆ ಕೆಳಗೆ ಬಚ್ಚಿಟ್ಟದ್ದು ಬೀಗವಲ್ಲ. ಮಕ್ಕಳಿಗೆ ಆ ಜಾಗ ನಿಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಆಮೇಲೆ ಮೊದಲ ದಿನದ ಗುಂಡಿಲ್ಲದ ಪಾಠಕ್ಕೆ ಅವರನ್ನೂ ಕರೆಯಿರಿ. ಆಗಲೂ ಬೇಡ ಎಂದರೆ ಬೇಡ. ಹುಡುಗಿಗೆ ಮುಂದಿನ ವರ್ಷ 12 ತುಂಬುತ್ತದೆ, ಬೆಂಗಳೂರಿನಲ್ಲೇ ತರಬೇತುದಾರರಿರುವ ಶೂಟಿಂಗ್ ರೇಂಜ್‌ಗೆ ಅಮ್ಮನೇ ಕರೆದುಕೊಂಡು ಹೋಗಬಹುದು.

ಪ್ರಶ್ನೆ: ಪ್ಯಾರಿಸ್‌ನಲ್ಲಿ ಮನು ಭಾಕರ್ ಪದಕ ಗೆದ್ದಾಗಿನಿಂದ ನನ್ನ 12 ವರ್ಷದ ಮೊಮ್ಮಗಳಿಗೆ ಪಿಸ್ತೂಲಿನದೇ ಧ್ಯಾನ. ಕ್ಲಬ್‌ಗೆ ಸೇರಿಸುವಾಗ ಏನು ನೋಡಬೇಕು? ಈಗಲೇ ಪಿಸ್ತೂಲು ಕೊಡಿಸಲೇ?
– ನಿವೃತ್ತ ಶಿಕ್ಷಕ, ಹುಬ್ಬಳ್ಳಿ

ಉತ್ತರ: ಕೊಡಿಸಬೇಡಿ ಸರ್. ಆರು ತಿಂಗಳು ಕ್ಲಬ್ಬಿನದರಲ್ಲೇ ಕಲಿಯಲಿ. ಏರ್ ಪಿಸ್ತೂಲು ಸುಮಾರು ಒಂದು ಕಿಲೋ ತೂಗುತ್ತದೆ. ಅದನ್ನು ಒಂದೇ ಕೈಯಲ್ಲಿ, ತೋಳು ನೀಡಿ ಹಿಡಿಯಬೇಕು. ಒಂದು ಲೀಟರ್ ನೀರಿನ ಬಾಟಲಿ ಹಾಗೆ ಹಿಡಿದು ನೀವೇ ನಿಂತು ನೋಡಿ. ಅದಕ್ಕೇ ಒಳ್ಳೆಯ ತರಬೇತುದಾರರು ಮೊದಮೊದಲು ಕೈಗೆ ಆಸರೆ ಕೊಟ್ಟು ಹೊಡೆಸುತ್ತಾರೆ.

ಸೇರಿಸುವ ಮೊದಲು ಒಂದು ಸಂಜೆ ಸುಮ್ಮನೆ ಹೋಗಿ ಕೂತು ನೋಡಿ. ಗುರಿಯ ಹತ್ತಿರ ಯಾರಾದರೂ ಹೋಗುವ ಮೊದಲು ಎಲ್ಲರೂ ಗನ್ ಖಾಲಿ ಮಾಡಿ ಕೆಳಗಿಡುತ್ತಾರೆಯೇ? ಖಾಲಿ ಗನ್ನಿನ ನಳಿಗೆಯಲ್ಲಿ ತೂರಿಸಿದ ಕಿತ್ತಳೆ ಬಣ್ಣದ ಸುರಕ್ಷತಾ ದಾರ ಹೊರಗೆ ಕಾಣುತ್ತದೆಯೇ? ‘ಸ್ಟಾಪ್’ ಎಂದರೆ ಹಿರಿಯ ಶೂಟರುಗಳೂ ನಿಲ್ಲಿಸುತ್ತಾರೆಯೇ? ತರಬೇತುದಾರರು ಮಕ್ಕಳನ್ನು ಬಿಟ್ಟು ಫೋನಿನಲ್ಲಿ ಮುಳುಗಿದ್ದರೆ ಎದ್ದು ಬನ್ನಿ, ಗೋಡೆಯ ಮೇಲೆ ಎಷ್ಟು ಪದಕ ತೂಗಿದ್ದರೂ ಸರಿ. ಮೊಮ್ಮಗಳಿಗೆ ಬೆಂಗಳೂರಿನ ದಿವ್ಯಾ ಟಿ.ಎಸ್. ಬಗ್ಗೆಯೂ ಹೇಳಿ. 2023ರಲ್ಲಿ ಬಾಕು ವಿಶ್ವಕಪ್‌ನಲ್ಲಿ ಸರಬ್ಜೋತ್ ಸಿಂಗ್ ಜೊತೆ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಚಿನ್ನ ಗೆದ್ದ ನಮ್ಮ ಹುಡುಗಿ.

ಪ್ರಶ್ನೆ: ರೇಂಜ್‌ಗೆ ಹೋಗುವ ಮೊಮ್ಮಗ ಬಲಗೈಯವನು. ಎಷ್ಟು ಹೊಡೆದರೂ ಗುರಿ ಒಂದೇ ಕಡೆಗೆ ತಪ್ಪುತ್ತದೆ. ಕಣ್ಣಿನ ಡಾಕ್ಟರು ದೃಷ್ಟಿ ಸರಿಯಿದೆ ಎಂದರು.
– ಒಬ್ಬ ಅಜ್ಜಿ, ಮೈಸೂರು

ಉತ್ತರ: ಕೈ ಬಲದ್ದಾದರೂ ಗುರಿ ಹಿಡಿಯುವ ಕಣ್ಣು ಎಡದ್ದಿರಬಹುದು ಅಮ್ಮ. ಮನೆಯಲ್ಲೇ ನೋಡಿ. ಎರಡೂ ಕೈ ಮುಂದೆ ಚಾಚಿ, ಬೆರಳುಗಳ ನಡುವೆ ಸಣ್ಣ ಕಿಂಡಿ ಮಾಡಿ, ಎರಡೂ ಕಣ್ಣು ತೆರೆದು ಅದರಿಂದ ಗೋಡೆ ಗಡಿಯಾರ ನೋಡಲಿ. ಆಮೇಲೆ ಒಂದೊಂದೇ ಕಣ್ಣು ಮುಚ್ಚಲಿ. ಯಾವ ಕಣ್ಣು ತೆರೆದಿದ್ದಾಗ ಗಡಿಯಾರ ಕಿಂಡಿಯಲ್ಲೇ ಉಳಿಯುತ್ತದೋ ಅದೇ ಅವನ ಗುರಿಯ ಕಣ್ಣು. ಅದು ಎಡದ್ದಾದರೆ ತರಬೇತುದಾರರಿಗೆ ತಿಳಿಸಿ. ಚಿಕ್ಕ ವಯಸ್ಸಾದ್ದರಿಂದ ಎಡ ಭುಜಕ್ಕೆ ರೈಫಲ್ ಕೊಟ್ಟರೂ ಬೇಗ ಒಗ್ಗುತ್ತದೆ. ಅದು ಕಷ್ಟವೆನಿಸಿದರೆ ಕನ್ನಡಕದ ಎಡ ಗಾಜಿಗೆ ಅರೆಪಾರದರ್ಶಕ ಟೇಪಿನ ಸಣ್ಣ ತುಂಡು ಅಂಟಿಸಿ ನೋಡಲಿ. ಎಡಗಣ್ಣನ್ನು ಬಿಗಿಯಾಗಿ ಮುಚ್ಚಿಸುವುದು ಮಾತ್ರ ಬೇಡ, ಬಲಗಣ್ಣೂ ಬೇಗ ದಣಿಯುತ್ತದೆ.