ಉಗ್ರಾಣ ಬೇರೆ, ಹುಡುಕುವವರು ಬೇರೆ

ನಮಸ್ಕಾರ.

‘ನೆನಪು ಎಲ್ಲಿದೆ?’ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಭಾಷೆ ಚೆನ್ನಾಗಿದೆ, ಬುಡದಲ್ಲೇ ತಪ್ಪಾಗಿದೆ.

ಮೆದುಳಿನಲ್ಲಿ ಹಣೆಯ ಹಿಂದಿನ ಭಾಗವೇ ನೆನಪಿನ ಉಗ್ರಾಣ ಎಂದು ಶುರು ಮಾಡಿ, ಕೊನೆಯವರೆಗೂ ಅದನ್ನೇ ಹಿಡಿದು ಹೊರಟಿದ್ದೀರಿ. ಸಾಕ್ಷಿಗೆ ಎಚ್.ಎಂ. ಎಂಬ ರೋಗಿಯ ಕಥೆ ತಂದಿದ್ದೀರಿ. ಆದರೆ 1953ರ ಶಸ್ತ್ರಚಿಕಿತ್ಸೆಯಲ್ಲಿ ಅವರ ಮೆದುಳಿನಿಂದ ತೆಗೆದದ್ದು ಎರಡೂ ಬದಿಯ ಹಿಪೊಕ್ಯಾಂಪಸ್ ಎಂಬ ಭಾಗದ ದೊಡ್ಡ ಪಾಲು ಮತ್ತು ಅದರ ಅಕ್ಕಪಕ್ಕದ ಭಾಗಗಳನ್ನು. ಅದು ಇರುವುದು ಕಿವಿಯ ಮಟ್ಟದಲ್ಲಿ, ಒಳಗಡೆ. ಅವರಲ್ಲಿ ಹೊಸ ನೆನಪು ಉಳಿಯದೇ ಹೋದದ್ದು ಅದನ್ನು ತೆಗೆದದ್ದರಿಂದ. ನಿಮ್ಮ ಸಾಕ್ಷಿ ಎದುರು ಪಕ್ಷದ ಪರ ಮಾತಾಡುತ್ತಿದೆ!

ಹಣೆಯ ಹಿಂದಿರುವ ಮುಂಭಾಗದ ಕೆಲಸವೇ ಬೇರೆ. ಬೇಕಾದ್ದನ್ನು ಹುಡುಕುವುದು, ಸಿಕ್ಕಿದ್ದು ಸರಿಯೇ ಎಂದು ನೋಡುವುದು, ನಡುವೆ ನುಗ್ಗುವ ಬೇಡದ್ದನ್ನು ತಡೆಯುವುದು. ಅಲ್ಲಿ ಪೆಟ್ಟಾದವರಿಗೆ ಒಂದಷ್ಟು ಪದ ಓದಿಸಿ, ಆಮೇಲೆ ‘ಈಗ ಹೇಳಿ’ ಅಂದರೆ ತಡವರಿಸುತ್ತಾರೆ. ಅವೇ ಪದಗಳನ್ನು ಬೇರೆ ಪದಗಳ ಜೊತೆ ಬೆರೆಸಿ ತೋರಿಸಿದರೆ, ‘ಇದು ಇತ್ತು, ಇದು ಇರಲಿಲ್ಲ’ ಎಂದು ಎಷ್ಟೋ ಚೆನ್ನಾಗಿ ಗುರುತಿಸುತ್ತಾರೆ. ಪದ ಒಳಗೇ ಇತ್ತು, ಅಲ್ವಾ? ಕೆಲವರಿಗೆ ವಿಷಯ ನೆನಪಿರುತ್ತದೆ, ಅದನ್ನು ಯಾರಿಂದ, ಯಾವಾಗ ಕೇಳಿದ್ದು ಎಂಬುದು ಕಲಸಿಹೋಗುತ್ತದೆ. ಇನ್ನು ಕೆಲವರು ನಡೆಯದ್ದನ್ನು ನಡೆದಂತೆಯೇ ವಿವರಿಸುತ್ತಾರೆ. ಸುಳ್ಳು ಹೇಳುವ ಉದ್ದೇಶ ಅವರಿಗಿಲ್ಲ, ತಾವು ಹೇಳುತ್ತಿರುವುದನ್ನು ನಂಬಿಯೇ ಇರುತ್ತಾರೆ. ಇಷ್ಟನ್ನೂ ನೀವು ‘ಮರೆವು’ ಎಂಬ ಒಂದೇ ಪದದಲ್ಲಿ ಮುಗಿಸಿಬಿಟ್ಟಿದ್ದೀರಿ. ನನಗೆ ಜಾಸ್ತಿ ಬೇಜಾರಾದದ್ದು ಇಲ್ಲೇ.

‘ಎಡಭಾಗ ತುಂಬಿಸುತ್ತದೆ, ಬಲಭಾಗ ತೆಗೆಯುತ್ತದೆ’ ಎಂದು ಈ ಮುಂಭಾಗದ ಬಗ್ಗೆ ಬರೆದ ಸಾಲನ್ನು ಹಾಗೇ ಬಿಡಬೇಡಿ. 1994ರಲ್ಲಿ ನೆನಪಿನ ಸಂಶೋಧಕ ಎಂಡೆಲ್ ಟಲ್ವಿಂಗ್ ಮತ್ತು ಸಂಗಡಿಗರು ಸ್ಕ್ಯಾನ್‌ಗಳ ಆಧಾರದ ಮೇಲೆ ಇಂಥದ್ದೊಂದು ಮಾದರಿ ಮುಂದಿಟ್ಟಿದ್ದು ನಿಜ. ಆಮೇಲಿನ ಅಧ್ಯಯನಗಳಲ್ಲಿ, ನೆನಪಿಸಿಕೊಳ್ಳುವಾಗ ಎಡಭಾಗವೂ ಚುರುಕಾಗುವುದು ಕಂಡಿದೆ. ವಿಷಯ ಅಷ್ಟು ಸಲೀಸಾಗಿಲ್ಲ.

ಕೊನೆಯ ಪುಟದಲ್ಲಿ ಒಂದು ಪ್ಯಾರಾ ಇದೆ. ಪರಿಚಯದ ಮುಖ ಎದುರಿಗಿದೆ, ಹೆಸರು ನಾಲಿಗೆ ತುದಿಯಲ್ಲಿದೆ, ಬರುತ್ತಿಲ್ಲ. ‘ಮೂರಕ್ಷರ... ಮ... ಮೋಹನ? ಅಲ್ಲ’ ಎಂದು ಪರದಾಡಿದ್ದೀರಿ. ಸುಮ್ನೆ ಹೊಗಳುತ್ತಿಲ್ಲ, ಅದು ನಿಜಕ್ಕೂ ಚೆನ್ನಾಗಿದೆ. ‘ಮೋಹನ ಅಲ್ಲ’ ಎಂದು ನಿಮಗೆ ಹೇಗೆ ಗೊತ್ತಾಯಿತು? ಸರಿಯಾದ ಹೆಸರು ಇನ್ನೂ ಸಿಕ್ಕಿರಲಿಲ್ಲವಲ್ಲ! ಲೇಖನ ಆ ಪ್ರಶ್ನೆಯಿಂದ ಶುರುವಾಗಲಿ. ಎಚ್.ಎಂ. ಆಮೇಲೆ ಬರಲಿ, ಉಗ್ರಾಣದ ಮಾತು ಬಂದಾಗ. ಉದ್ದ ಅರ್ಧಕ್ಕೆ ಇಳಿಸಿ ಮತ್ತೆ ಕಳಿಸಿ, ಓದುತ್ತೇನೆ.

ಸಂಪಾದಕ