ಮುಕ್ಕಾದ ಡಿ2 ಡೈಗೆ ವೆಲ್ಡಿಂಗ್ ಹಿಡಿಯುತ್ತದೆಯೇ?

ತಗಡು ಕತ್ತರಿಸುವ ಡಿ2 ಉಕ್ಕಿನ ಬ್ಲ್ಯಾಂಕಿಂಗ್ ಡೈಯ ಅಂಚು ಮುಕ್ಕಾಗಿದೆ, ಒಮ್ಮೆ ವೆಲ್ಡಿಂಗ್ ಮಾಡಿಸಿದರೆ ಮರುದಿನವೇ ಬಿರುಕು ಬಿಟ್ಟಿತು, ಈ ಉಕ್ಕಿಗೆ ವೆಲ್ಡಿಂಗ್ ಹಿಡಿಯುವುದೇ ಇಲ್ಲವೇ ಎಂದು ಕೇಳಿದ್ದೀರಿ. ಹಿಡಿಯುತ್ತದೆ. ಪೀಣ್ಯದ ಟೂಲ್ ರೂಮ್‌ಗಳಲ್ಲಿ ಬಹುಕಾಲದಿಂದ ಇದೇ ಕೆಲಸ ಮಾಡಿಕೊಂಡು ಬಂದಿರುವ ನಾನು ಕಂಡಂತೆ, ಹೀಗೆ ಕೆಟ್ಟ ಡೈಗಳಲ್ಲಿ ಹೆಚ್ಚಿನವು ಕೆಟ್ಟದ್ದು ರಾಡಿನ ದೋಷದಿಂದಲ್ಲ, ಶಾಖದ ದೋಷದಿಂದ.

ಡಿ2 ಉಕ್ಕಿನಲ್ಲಿ ಶೇಕಡ 1.5ರಷ್ಟು ಇಂಗಾಲ, ಶೇಕಡ 12ರಷ್ಟು ಕ್ರೋಮಿಯಂ ಇರುತ್ತವೆ. ಆರ್ಕ್, ಅಂದರೆ ವೆಲ್ಡಿಂಗ್‌ನ ವಿದ್ಯುತ್ ಜ್ವಾಲೆ ತಾಗಿದ ಜಾಗದ ಪಕ್ಕದ ಕಿರಿದಾದ ಪಟ್ಟಿ ಕೆಂಪಗೆ ಕಾದು, ಸುತ್ತಲಿನ ತಣ್ಣನೆಯ ಉಕ್ಕು ಆ ಶಾಖವನ್ನು ಕ್ಷಣದಲ್ಲಿ ಹೀರಿಕೊಂಡಾಗ, ಅಲ್ಲಿ ಹದಗೊಳ್ಳದ ಮಾರ್ಟೆನ್ಸೈಟ್, ಅಂದರೆ ಗಾಜಿನಂತೆ ಗಡುಸಾದ ಪದರ ಉಳಿಯುತ್ತದೆ. ಮೇಲೆ ತುಂಬಿದ ಲೋಹ ತಣ್ಣಗಾಗುತ್ತ ಕುಗ್ಗಿ ಅದೇ ಪದರವನ್ನು ಎಳೆಯುತ್ತದೆ. ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ನಾನೂ ಒಂದು ಡೈಗೆ ಸಂಜೆ ವೆಲ್ಡಿಂಗ್ ಮಾಡಿ, ಹಾಗೆಯೇ ಮೇಜಿನ ಮೇಲಿಟ್ಟು ಮನೆಗೆ ಹೋಗಿದ್ದೆ. ಬೆಳಗ್ಗೆ ಬಂದು ನೋಡಿದರೆ ಬೀಡ್‌ನ, ಅಂದರೆ ವೆಲ್ಡಿಂಗ್ ಲೋಹದ ಸಾಲಿನ, ಅಂಚಿನಗುಂಟ ಕೂದಲೆಳೆಯಂಥ ಬಿರುಕು ಬೋಲ್ಟ್ ರಂಧ್ರದವರೆಗೆ ಹರಿದಿತ್ತು. ನಿಮ್ಮ ಡೈಗೂ ಬಹುಶಃ ಇದೇ ಆಗಿದೆ.

ಆದ್ದರಿಂದ ಮೊದಲು ಹಳೆಯ ವೆಲ್ಡಿಂಗ್ ಲೋಹವನ್ನೂ ಬಿರುಕನ್ನೂ ಬುಡಸಮೇತ ಗ್ರೈಂಡ್ ಮಾಡಿ ತೆಗೆಯಿರಿ. ತಳ ಚೂಪಾಗಿರದೆ ದೋಣಿಯಂತೆ ದುಂಡಗಿರಲಿ. ಬಿರುಕು ಉಳಿದಿಲ್ಲವೆಂದು ಸೀಳಿನೊಳಗೆ ಇಳಿದು ಅದನ್ನು ಕಾಣಿಸುವ ಪೆನಿಟ್ರೆಂಟ್ ದ್ರವ ಹಚ್ಚಿ ಖಚಿತಪಡಿಸಿಕೊಳ್ಳದೆ ಮುಂದಕ್ಕೆ ಹೋಗಬೇಡಿ. ಬಳಿಕ ಇಡೀ ಡೈಯನ್ನು ಕುಲುಮೆಯಲ್ಲಿ ನಿಧಾನವಾಗಿ 250 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಬೇಕು. ಗ್ಯಾಸ್ ಟಾರ್ಚ್ ಹಿಡಿದು ಮುಕ್ಕಾದ ಮೂಲೆಯನ್ನಷ್ಟೇ ಕಾಯಿಸುವ ರೂಢಿ ನಮ್ಮಲ್ಲಿ ಬಹಳವಿದೆ. ಅದರಿಂದ ಮೇಲ್ಮೈ ಮಾತ್ರ ಬಿಸಿಯಾಗಿ ಒಳಗಿನ ಉಕ್ಕು ತಣ್ಣಗೇ ಉಳಿಯುತ್ತದೆ. ನಿಮ್ಮಲ್ಲಿ ಕುಲುಮೆ ಇಲ್ಲದಿದ್ದರೆ ಹೀಟ್ ಟ್ರೀಟ್‌ಮೆಂಟ್ ಮಾಡುವವರ ಜೊತೆ ಮೊದಲೇ ಮಾತನಾಡಿಕೊಂಡು ಅವರ ಶೆಡ್ಡಿನಲ್ಲೇ ವೆಲ್ಡಿಂಗ್ ಮಾಡಿಸಿ.

ಇಂಥ ಅಂಚಿಗೆ ಟಿಗ್ ವಿಧಾನ, ಅಂದರೆ ಜಡ ಅನಿಲದ ರಕ್ಷಣೆಯಲ್ಲಿ ಟಂಗ್‌ಸ್ಟನ್ ಕಡ್ಡಿಯ ಆರ್ಕ್‌ನಿಂದ ಮಾಡುವ ವೆಲ್ಡಿಂಗ್, ಸೂಕ್ತ. ಮುಕ್ಕು ಆಳವಾಗಿದ್ದರೆ ತಳಕ್ಕೆ 312 ಬಗೆಯ ಸ್ಟೇನ್‌ಲೆಸ್ ಫಿಲ್ಲರ್‌ನ ಮೆತ್ತನೆಯ ಪದರ ಕೊಟ್ಟು, ಅದರ ಮೇಲೆ 55ರಿಂದ 60 ರಾಕ್‌ವೆಲ್ ಗಡಸುತನ ಕೊಡುವ ಟೂಲ್ ಸ್ಟೀಲ್ ರಾಡ್ ಬಳಸಿ, ಚಿಕ್ಕ ಚಿಕ್ಕ ಬೀಡ್‌ಗಳನ್ನು ಹಾಕುತ್ತ, ಪ್ರತಿಯೊಂದನ್ನೂ ಬಿಸಿಯಿರುವಾಗಲೇ ಸಣ್ಣ ಸುತ್ತಿಗೆಯಿಂದ ಹಗುರವಾಗಿ ತಟ್ಟುತ್ತ ಬರಬೇಕು. ನಡುವೆ ಡೈ 250 ಡಿಗ್ರಿಗಿಂತ ತಣ್ಣಗಾದರೆ ಕೆಲಸ ನಿಲ್ಲಿಸಿ ಮತ್ತೆ ಕಾಯಿಸಿ. ಗ್ರೈಂಡಿಂಗ್‌ಗಾಗಿ ಒಂದು ಮಿಲಿಮೀಟರ್ ಹೆಚ್ಚುವರಿ ಲೋಹವಿರಲಿ. ಹೊಗೆಯಲ್ಲಿ ಕ್ರೋಮಿಯಂ ಇರುವುದರಿಂದ ಹೊಗೆ ಹೊರಹೋಗುವ ವ್ಯವಸ್ಥೆ ಇರಲೇಬೇಕು.

ಮುಗಿದ ಡೈಯನ್ನು ಒಣ ಬೂದಿಯಲ್ಲಿ ಹೂತು, ಕೈಯಲ್ಲಿ ಕಷ್ಟಪಟ್ಟು ಮುಟ್ಟುವಷ್ಟು, ಅಂದರೆ ಸುಮಾರು 60 ಡಿಗ್ರಿಗೆ ಇಳಿಯಲು ಬಿಟ್ಟು, ತಡಮಾಡದೆ ಅಂದೇ ಟೆಂಪರ್ ಮಾಡಿಸಿ, ಅಂದರೆ ಪೆಡಸುತನ ತಗ್ಗುವಂತೆ ಮತ್ತೆ ಕಾಯಿಸಿ ಹದಗೊಳಿಸಿ. ಹಿಂದೆ ಟೆಂಪರ್ ಮಾಡಿದ್ದ ತಾಪಕ್ಕಿಂತ 10ರಿಂದ 20 ಡಿಗ್ರಿ ಕಡಿಮೆ ಇಟ್ಟರೆ ಡೈಯ ಉಳಿದ ಭಾಗದ ಗಡಸುತನ ಇಳಿಯುವುದಿಲ್ಲ.

ಇಲ್ಲೊಂದು ತೊಡಕಿದೆ. ನಿಮ್ಮ ಡೈಯನ್ನು 500 ಡಿಗ್ರಿಗೂ ಮೇಲೆ ಟೆಂಪರ್ ಮಾಡಿದ್ದರೆ ಮೇಲೆ ಹೇಳಿದ ಕ್ರಮ ಹಾಗೆಯೇ ಸಲ್ಲುತ್ತದೆ. 200 ಡಿಗ್ರಿಯ ಆಸುಪಾಸಿನಲ್ಲಿ ಮಾಡಿದ್ದರೆ, ವೆಲ್ಡಿಂಗ್‌ಗೆಂದು ಕಾಯಿಸುವಾಗಲೇ ಇಡೀ ಡೈಯ ಗಡಸುತನ ಸ್ವಲ್ಪ ಇಳಿಯುತ್ತದೆ. ಅಂಥ ಡೈಗೆ ನಾನು ವೆಲ್ಡಿಂಗ್ ಸೂಚಿಸುವುದಿಲ್ಲ. ಮುಕ್ಕಾದ ಭಾಗವನ್ನು ವೈರ್ ಕಟ್‌ನಲ್ಲಿ, ಅಂದರೆ ತಂತಿಯ ವಿದ್ಯುತ್ ಕಿಡಿಯಿಂದ ಕತ್ತರಿಸುವ ಯಂತ್ರದಲ್ಲಿ, ತೆಗೆಸಿ, ಹದ ಮಾಡಿದ ಹೊಸ ತುಂಡನ್ನು ಕೂರಿಸುವುದೇ ಲೇಸು. ಮುಕ್ಕು ಅರ್ಧ ಮಿಲಿಮೀಟರ್ ಒಳಗಿದ್ದರೆ ಅದೂ ಬೇಡ: ಮೇಲ್ಮೈ ಗ್ರೈಂಡ್ ಮಾಡಿ, ತಗ್ಗಿದಷ್ಟು ದಪ್ಪದ ಶಿಮ್ (ತೆಳು ಲೋಹದ ಹಾಳೆ) ಅನ್ನು ಡೈಯ ಕೆಳಗೆ ಕೊಟ್ಟರೆ ಸಾಕು. ಹಾಗಾಗಿ ಮುಕ್ಕಿನ ಆಳವನ್ನೂ, ಹೀಟ್ ಟ್ರೀಟ್‌ಮೆಂಟ್ ಚೀಟಿಯಲ್ಲಿರುವ ಟೆಂಪರಿಂಗ್ ತಾಪವನ್ನೂ ತಿಳಿಸಿ.