ಬೀಗ ಹಾಕಿದ್ದೆ ಅಲ್ವಾ?

ಪ್ರಶ್ನೆ: ಸೋಮವಾರಪೇಟೆ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ. ನನ್ನ ಗಂಡನಿಗೆ 36 ವರ್ಷ. ರಾತ್ರಿ ಗೋಡೌನ್ ಬೀಗ, ಪಂಪ್‌ಸೆಟ್ ಸ್ವಿಚ್, ಗ್ಯಾಸ್ ರೆಗ್ಯುಲೇಟರ್ ಎಲ್ಲವನ್ನೂ ಹತ್ತಾರು ಸಲ ಎದ್ದು ನೋಡುತ್ತಾರೆ. ಬೀಗದ ಫೋಟೊ ತೆಗೆದುಕೊಂಡು ಬಂದರೂ ಸಮಾಧಾನವಿಲ್ಲ. 'ಹಾಕಿದ್ದೆ ಅಲ್ವಾ?' ಎಂದು ನಿದ್ದೆ ಬರುವವರೆಗೂ ನನ್ನನ್ನು ಕೇಳುತ್ತಾರೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದ ಮೇಲೆ ಇದು ಜಾಸ್ತಿಯಾಯಿತು. ನಾನು ಮನೆ ಸರಿಯಾಗಿ ನೋಡಿಕೊಳ್ಳದ್ದೇ ಕಾರಣ ಅನ್ನುತ್ತಾರೆ ಅತ್ತೆ. ಮಾವನಿಗೂ ಹೀಗೇ ಇತ್ತಂತೆ. ನಮ್ಮ ಮಗನಿಗೂ ಬರುತ್ತದಾ?

ಉತ್ತರ: ಮೊದಲು ಅತ್ತೆಯವರ ಮಾತನ್ನು ಪಕ್ಕಕ್ಕಿಡಿ. ಇದಕ್ಕೆ ನೀವು ಕಾರಣರಲ್ಲ. ನೀವು ಬರೆದದ್ದೆಲ್ಲ ಗೀಳು ಕಾಯಿಲೆಯಂತೆ ಕಾಣುತ್ತದೆ. ಡಾಕ್ಟರುಗಳು ಒಸಿಡಿ ಅನ್ನುವುದು ಇದನ್ನೇ. ಖಚಿತವಾಗಿ ಹೇಳಬೇಕಾದವರು ಮನೋವೈದ್ಯರು.

ಮಳೆಗಾಲದಲ್ಲಿ ತೋಟದಿಂದ ಬಂದಾಗ ಕಾಲಲ್ಲಿ ಜಿಗಣೆ ಇದೆಯಾ ಎಂದು ಎಲ್ಲರೂ ನೋಡುತ್ತೇವೆ. ಇಲ್ಲ ಅಂದರೆ ಮುಗೀತು, ಕಾಫಿ ಕುಡಿಯಲು ಕೂರುತ್ತೇವೆ. ನಿಮ್ಮ ಯಜಮಾನರಿಗೆ ಆ 'ಮುಗೀತು' ಅನ್ನುವುದು ಬರುತ್ತಿಲ್ಲ. ಕಣ್ಣು ಬೀಗ ನೋಡಿದೆ, ಮನಸ್ಸಿಗೆ ಮಾತ್ರ ಅದು ತಲುಪಿಲ್ಲ. ಮೆದುಳಿನ ಮುಂಭಾಗಕ್ಕೂ ಒಳಭಾಗಕ್ಕೂ ನಡುವೆ ಓಡಾಡುವ ಸಂದೇಶ ಸುತ್ತಿದಲ್ಲೇ ಸುತ್ತುತ್ತದೆ. ತಮಾಷೆ ಅಂದರೆ, ಪದೇ ಪದೇ ನೋಡಿದಷ್ಟೂ ನೆನಪಿನ ಮೇಲಿನ ನಂಬಿಕೆ ಕಡಿಮೆಯಾಗುತ್ತದೆ. ಫೋಟೊ ಕೈಕೊಟ್ಟಿದ್ದೂ ಅದಕ್ಕೇ.

ಗುಡ್ಡ ಕುಸಿದದ್ದರಿಂದಲೇ ಬಂತೇ? ಅದೊಂದರಿಂದಲೇ ಇರಲಾರದು. ಒಳಗೆ ಮೊದಲೇ ಇದ್ದದ್ದನ್ನು ಅಂಥ ಭಯ ಮೇಲೆ ತರಬಹುದು, ಇದ್ದದ್ದನ್ನು ಹೆಚ್ಚಿಸಬಹುದು. ರಕ್ತಸಂಬಂಧದ ಪಾಲೂ ಇದೆ, ಮಾವನವರ ವಿಷಯ ಡಾಕ್ಟರಿಗೆ ಹೇಳಿ. ಮಗನಿಗೆ ಬರುವ ಸಾಧ್ಯತೆ ಬೇರೆ ಮಕ್ಕಳಿಗಿಂತ ಜಾಸ್ತಿ, ನಿಜ. ಆದರೆ ಇಂಥ ಮನೆಗಳ ಹೆಚ್ಚಿನ ಮಕ್ಕಳಿಗೆ ಬರುವುದೇ ಇಲ್ಲ.

ಈಗ ನಿಮಗೆ ಕಷ್ಟವಾಗುವ ಮಾತು. 'ಹಾಕಿದ್ದೀರಿ, ಮಲಗಿ' ಎಂದು ನೀವು ಪ್ರೀತಿಯಿಂದಲೇ ಹೇಳುತ್ತೀರಿ. ಅವರಿಗೆ ಐದು ನಿಮಿಷ ನೆಮ್ಮದಿ. ಆರನೇ ನಿಮಿಷಕ್ಕೆ ಮತ್ತೆ ಅದೇ ಪ್ರಶ್ನೆ. ಆ ಉತ್ತರ ಹೋಗುತ್ತಿರುವುದು ಕಾಯಿಲೆಯ ಹೊಟ್ಟೆಗೆ. ಹಾಗಂತ ಇವತ್ತೇ ಬಾಯಿ ಮುಚ್ಚಿಕೊಳ್ಳಬೇಡಿ, ಜಗಳವಾಗುತ್ತದೆ. ಹಗಲು ಇಬ್ಬರೂ ಕೂತು ಮಾತಾಡಿಕೊಳ್ಳಿ: ಒಂದು ಸಲ ಉತ್ತರ, ಎರಡನೇ ಸಲಕ್ಕೆ 'ಇದನ್ನು ಕೇಳ್ತಿರೋದು ನೀವಲ್ಲ, ಕಾಯಿಲೆ' ಅಷ್ಟೇ. ಬೈಯಬೇಡಿ. ಮಗನನ್ನು ಬೀಗ ನೋಡಲು ಕಳಿಸಲೂಬೇಡಿ.

ಚಿಕಿತ್ಸೆಯೂ ಇದೇ ದಾರಿಯಲ್ಲಿ ಹೋಗುತ್ತದೆ. ಒಂದೇ ಸಲ ಬೀಗ ಹಾಕಿ, ತಿರುಗಿ ನೋಡದೆ ಬಂದು, ಆ ತಳಮಳ ತಾನಾಗಿ ಇಳಿಯುವವರೆಗೆ ಕೂರುವುದನ್ನು ಹಂತಹಂತವಾಗಿ ಕಲಿಸುತ್ತಾರೆ. ಜೊತೆಗೆ ಸೆರ್ಟ್ರಾಲಿನ್, ಫ್ಲುಯಾಕ್ಸೆಟಿನ್‌ನಂಥ ಮಾತ್ರೆ ಕೊಡಬಹುದು. ಗುಣ ಕಾಣಲು 8ರಿಂದ 12 ವಾರ ಬೇಕು. ಎರಡು ವಾರಕ್ಕೇ 'ಏನೂ ಆಗಲಿಲ್ಲ' ಎಂದು ಬಿಡಬೇಡಿ.

ಮಡಿಕೇರಿಯ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ವಿಚಾರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಕಾಯಿಲೆಗೆಂದೇ ಪ್ರತ್ಯೇಕ ಕ್ಲಿನಿಕ್ ಇದೆ. ಹೊರಡುವ ಮೊದಲು ಮಾತಾಡಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು. ಕೊಯ್ಲು ಶುರುವಾದರೆ ನಿಮಗೆ ತಲೆ ಎತ್ತಲೂ ಬಿಡುವಿರುವುದಿಲ್ಲ. ಅಷ್ಟರೊಳಗೆ ಒಮ್ಮೆ ಹೋಗಿಬನ್ನಿ. ಬೀಗದ ಫೋಟೊಗಳನ್ನು ಸದ್ಯಕ್ಕೆ ಅಳಿಸಬೇಡಿ, ಡಾಕ್ಟರಿಗೆ ತೋರಿಸಿ.